ಸಂದೇಶ್ ಜಿಂಗಾನ್: ಒಬ್ಬ ಸ್ಟಾಪರ್ ಆಟಗಾರನನ್ನು ಯಾವ ಲೆಕ್ಕದಲ್ಲಿ ನೋಡಬೇಕು?

ಸುಂಟಿಕೊಪ್ಪ ಸ್ಟಾಪರ್

ಸಿಂಗಾಪುರದ ಎದುರು ಭಾರತದ ಫುಟ್ಬಾಲ್ ಮ್ಯಾಚ್ ಆದಮೇಲೆ ನಮ್ಮ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಮಾತು: "ಜಿಂಗಾನ್ ಕಥೆ ಮುಗೀತು, ಅವನಿಂದಲೇ ಎಲ್ಲ ಹಾಳಾಯ್ತು." 2025ರ ಅಕ್ಟೋಬರ್ 9ರಂದು ಸೆಕೆಂಡ್ ಹಾಫ್ ಶುರುವಾಗುತ್ತಿದ್ದಂತೆ ಎರಡನೇ ಹಳದಿ ಕಾರ್ಡ್ ತೆಗೆದುಕೊಂಡು ಹೊರಗೆ ಹೋದ. ಹತ್ತೇ ಜನರ ತಂಡ ಕೊನೆಯವರೆಗೂ ಒದ್ದಾಡಿತು. ರಹೀಂ ಅಲಿ ಹೊಡೆದ ಗೋಲಿನಿಂದ 1-1 ಆಯಿತು. ಮುಂದಿನ ವಾರ ಗೋವಾದ ಫತೋರ್ಡಾದಲ್ಲಿ ಸಿಂಗಾಪುರದ ಎದುರೇ ಜಿಂಗಾನ್ ಇಲ್ಲದ ತಂಡ 1-2ರಿಂದ ಸೋತಿತು. 2027ರ ಏಷ್ಯನ್ ಕಪ್ ಆಸೆ ಅಲ್ಲಿಗೇ ಹೋಯಿತು.

ಇದೆಲ್ಲ ನಡೆದದ್ದೇ. ಆದರೆ ಹತ್ತು ವರ್ಷ ದಾಟಿದ ಆಟಕ್ಕೆ ಒಂದು ಕಾರ್ಡಿನಿಂದ ಬೆಲೆ ಕಟ್ಟೋದು ನನಗೆ ಸರಿ ಕಾಣುವುದಿಲ್ಲ. ಫಾರ್ವರ್ಡ್ ಆಟಗಾರ ಮೂರು ಚಾನ್ಸ್ ಬಿಟ್ಟು ನಾಲ್ಕನೆಯದನ್ನು ಹಾಕಿದರೆ ಹೀರೋ. ಸ್ಟಾಪರ್, ಅಂದರೆ ಗೋಲಿನ ಮುಂದೆ ನಡುವೆ ನಿಂತು ತಡೆಯುವ ಡಿಫೆಂಡರ್, ಮೂವತ್ತು ಬಾಲ್ ತೆಗೆದು ಮೂವತ್ತೊಂದನೆಯದನ್ನು ಬಿಟ್ಟರೆ ಅವನೇ ಕಳ್ಳ. ನಾನು ಊರಿನ ಮೈದಾನದಲ್ಲಿ ಹಿಂದೆ ನಿಂತು ಆಡಿದವನು, ಈಗ ಹುಡುಗರಿಗೆ ಹೇಳಿಕೊಡುವವನು. ಅದಕ್ಕೇ ಈ ಚರ್ಚೆ ಶುರು ಮಾಡುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಜಿಂಗಾನ್ ಹುಟ್ಟಿದ್ದು 1993ರ ಜುಲೈ 21ರಂದು, ಚಂಡೀಗಢದಲ್ಲಿ. ಆಟ ಕಲಿತದ್ದು ಅಲ್ಲಿನ ಸೇಂಟ್ ಸ್ಟೀಫನ್ಸ್ ಅಕಾಡೆಮಿಯಲ್ಲಿ. ದೊಡ್ಡವರ ಆಟಕ್ಕೆ ಇಳಿದದ್ದು ಮಾತ್ರ ದೇಶದ ಇನ್ನೊಂದು ಮೂಲೆಯಲ್ಲಿ, ಬೈಚುಂಗ್ ಭುಟಿಯಾ ಕಟ್ಟಿದ್ದ ಯುನೈಟೆಡ್ ಸಿಕ್ಕಿಂ ಕ್ಲಬ್‌ನಲ್ಲಿ. ಆ ಕ್ಲಬ್ ಎರಡನೇ ಡಿವಿಷನ್‌ನಿಂದ ಆಗಿನ ಮೇಲಿನ ಲೀಗ್ ಆದ ಐ-ಲೀಗ್‌ಗೆ ಏರಿತು, ಜಿಂಗಾನ್ ಜೊತೆಗೇ ಏರಿದ. 2014ರಲ್ಲಿ ಐಎಸ್ಎಲ್ (ಇಂಡಿಯನ್ ಸೂಪರ್ ಲೀಗ್) ಶುರುವಾದಾಗ ಕೇರಳ ಬ್ಲಾಸ್ಟರ್ಸ್ ತೆಗೆದುಕೊಂಡಿತು. ಮೊದಲ ಸೀಸನ್‌ಗೇ ಉದಯೋನ್ಮುಖ ಆಟಗಾರ ಪ್ರಶಸ್ತಿ. 2015ರ ಮಾರ್ಚ್ 12ರಂದು ಗುವಾಹಟಿಯಲ್ಲಿ ನೇಪಾಳದ ಎದುರು ಭಾರತಕ್ಕೆ ಮೊದಲ ಆಟ. 2-0 ಗೆಲುವು, ಎರಡೂ ಗೋಲ್ ಸುನಿಲ್ ಚೆಟ್ರಿಯದು. ಪೇಪರಿನಲ್ಲಿ ಹೆಸರು ಬರುವುದು ಆ "2"ರ ಕಡೆಯವರದು. ಆ "0"ಯ ಕಡೆ ನಿಂತವರ ಬಗ್ಗೆ ಇಲ್ಲಿ ಮಾತಾಡೋಣ ಅಂತ ನನ್ನ ಆಸೆ.

ಹೇಳಿ, ಇವನ ಅತ್ಯುತ್ತಮ ಆಟ ಯಾವುದು? ನನ್ನ ಉತ್ತರ 2019ರ ದೋಹಾ. ಕಾರಣ ಆಮೇಲೆ ಬರೆಯುತ್ತೇನೆ.


ಸಿದ್ದಾಪುರದ ಹಳದಿ

ಅಣ್ಣಾ, ಒಳ್ಳೇ ವಿಷಯ ತೆಗೆದಿರಿ. ನಮ್ಮ ಸಿದ್ದಾಪುರ, ನೆಲ್ಯಹುದಿಕೇರಿ ಕಡೆ ಜಿಂಗಾನ್ ಹೆಸರು ಹೇಳಿದರೆ ಇವತ್ತಿಗೂ ಅರ್ಧ ಜನಕ್ಕೆ ಪ್ರೀತಿ, ಅರ್ಧ ಜನಕ್ಕೆ ಕೋಪ. ಕೋಪ ಬರುವುದೂ ಪ್ರೀತಿ ಇದ್ದದ್ದಕ್ಕೇ.

ಅವನು ಬ್ಲಾಸ್ಟರ್ಸ್‌ಗೆ ಬಂದಾಗ ಡೇವಿಡ್ ಜೇಮ್ಸ್ ಗೋಲಿಯೂ ಹೌದು, ಮ್ಯಾನೇಜರೂ ಹೌದು. ಪಕ್ಕದಲ್ಲಿ ಫ್ರಾನ್ಸಿನ ಸೆಡ್ರಿಕ್ ಹೆಂಗ್‌ಬಾರ್ಟ್. ಇಪ್ಪತ್ತೊಂದು ವರ್ಷದ ಹುಡುಗ ಫೈನಲ್‌ವರೆಗೂ ಹೆದರದೆ ಆಡಿದ. ಕೋಲ್ಕತ್ತ ತಂಡದ ಮೊಹಮ್ಮದ್ ರಫೀಕ್ ಇಂಜುರಿ ಟೈಮ್‌ನಲ್ಲಿ ಹೊಡೆದ ಹೆಡರ್‌ಗೆ ಸೋತೆವು. 2016ರಲ್ಲಿ ಸ್ಟೀವ್ ಕೊಪ್ಪೆಲ್ ಬಂದರು. ಹೆಂಗ್‌ಬಾರ್ಟ್ ಜೊತೆ ಉತ್ತರ ಐರ್ಲೆಂಡ್‌ನ ಆರನ್ ಹ್ಯೂಸ್ ನಡುವೆ ನಿಂತರು. ಜಿಂಗಾನ್‌ನನ್ನು ಬಲಗಡೆ ಬ್ಯಾಕ್‌ಗೆ ತಳ್ಳಿದರು. ಅವನ ಜಾಗ ಅದಲ್ಲ, ಆದರೂ ಸೀಸನ್ ಪೂರ್ತಿ ಅಲ್ಲಿ ನಿಂತು ದುಡಿದ. ಮತ್ತೆ ಫೈನಲ್, ಮತ್ತೆ ಕೋಲ್ಕತ್ತ, ಈ ಸಲ ಕೊಚ್ಚಿಯಲ್ಲೇ. 1-1, ಪೆನಾಲ್ಟಿಯಲ್ಲಿ 4-3ರ ಸೋಲು. ಆ ರಾತ್ರಿ ಕೊಚ್ಚಿಗೆ ಹೋಗಿದ್ದ ನಮ್ಮೂರ ಹುಡುಗರು ಮಾಕುಟ್ಟದ ದಾರಿಯಲ್ಲಿ ವಾಪಸ್ ಬರುವಾಗ ಜೀಪಿನಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲವಂತೆ.

ಆಮೇಲೆ ಕ್ಯಾಪ್ಟನ್ ಆದ. ತಂಡ ಸೋಲುತ್ತಾ ಹೋಯಿತು, ಕೋಚ್‌ಗಳು ಬದಲಾದರು, ವಿದೇಶಿಯರು ಬಂದರು ಹೋದರು. ಉಳಿದದ್ದು ಇವನೊಬ್ಬ. 2020ರಲ್ಲಿ ಬಿಟ್ಟು ಹೋದಾಗ ಕ್ಲಬ್ ಅವನ 21ನೇ ನಂಬರ್ ಜೆರ್ಸಿಯನ್ನೇ ಬೇರೆಯವರಿಗೆ ಕೊಡುವುದಿಲ್ಲ ಅಂದಿತು. ಕಪ್ ಗೆಲ್ಲದ ತಂಡದ ಡಿಫೆಂಡರ್‌ಗೆ ಅಂಥ ಗೌರವ! ನನ್ನ ಲೆಕ್ಕ ಇಷ್ಟೇ: ಕೆಟ್ಟ ವರ್ಷಗಳಲ್ಲಿ ಯಾರು ನಿಂತರು ಅಂತ ನೋಡಬೇಕು.


ಮಡಿಕೇರಿ ನೀಲಿ

ನಾನು ಬಿಎಫ್‌ಸಿ, ಅಂದರೆ ಬೆಂಗಳೂರು ಎಫ್‌ಸಿ ಕಡೆಯವನು. ಬೆಂಗಳೂರಿನಲ್ಲಿ ಕಾಲೇಜು ಓದುವಾಗ ಕಂಠೀರವದ ವೆಸ್ಟ್ ಬ್ಲಾಕಿನಲ್ಲಿ ಕೂಗಿ ಗಂಟಲು ಕಟ್ಟಿಸಿಕೊಂಡವನು. ಹಳದಿ ಬ್ರದರ್, ಕಪ್ ಇಲ್ಲದ ಆಟಗಾರ ಅನ್ನಬೇಡಿ. ಕಪ್ ಕೊಟ್ಟದ್ದು ನಾವು.

2017ರಲ್ಲಿ ಐಎಸ್ಎಲ್ ಇಲ್ಲದ ತಿಂಗಳಲ್ಲಿ ಬಿಎಫ್‌ಸಿಗೆ ಲೋನ್ ಮೇಲೆ ಬಂದ. ಆಲ್ಬರ್ಟ್ ರೋಕಾ ಕೋಚ್. ಕಟಕ್‌ನಲ್ಲಿ ಫೆಡರೇಷನ್ ಕಪ್ ಫೈನಲ್, ಎದುರು ಮೋಹನ್ ಬಾಗಾನ್. 90 ನಿಮಿಷ ಎರಡೂ ಕಡೆ ಸೊನ್ನೆ. ಹೆಚ್ಚುವರಿ ಸಮಯದಲ್ಲಿ ಸಿ.ಕೆ. ವಿನೀತ್ ಎರಡು ಹಾಕಿದ. ವಿನೀತ್ ನಮ್ಮ ಪಕ್ಕದ ಕಣ್ಣೂರಿನವನು, ಅದಕ್ಕೇ ವಿರಾಜಪೇಟೆ ಕಡೆ ಅವನ ಎರಡು ಗೋಲ್ ಎಲ್ಲರಿಗೂ ನೆನಪು. ಹಿಂದೆ ಸೊನ್ನೆ ಉಳಿಸಿದವರು ಯಾರಿಗೂ ನೆನಪಿಲ್ಲ. ಸ್ಟಾಪರ್ ಅಣ್ಣ ಹೇಳಿದ್ದು ಅದೇ ಅಲ್ವಾ?

ಮತ್ತೆ 2022ರಲ್ಲಿ ಪೂರ್ತಿ ನಮ್ಮವನಾದ. ಸೆಪ್ಟೆಂಬರ್‌ನಲ್ಲಿ ಡ್ಯುರಾಂಡ್ ಕಪ್, ಫೈನಲ್‌ನಲ್ಲಿ ಮುಂಬೈ ಸಿಟಿ ಎದುರು 2-1. ಆ ಐಎಸ್ಎಲ್ ಸೀಸನ್‌ನಲ್ಲಿ ನಮ್ಮದು ಮೊದಲು ಕೆಟ್ಟ ಸ್ಥಿತಿ. ಆಮೇಲೆ ಲೀಗ್‌ನ ಕೊನೆಯ ಎಂಟು ಪಂದ್ಯ ಸತತ ಗೆಲುವು. ಸೆಮಿಫೈನಲ್ ಎರಡನೇ ಲೆಗ್, 2023ರ ಮಾರ್ಚ್ 12, ಕಂಠೀರವ. ಮತ್ತೆ ಮುಂಬೈ. ಪೆನಾಲ್ಟಿ ಶೂಟೌಟ್ ಮುಗಿಯುವುದೇ ಇಲ್ಲ. 8-8. ಮೆಹ್ತಾಬ್ ಸಿಂಗ್ ಹೊಡೆದದ್ದನ್ನು ನಮ್ಮ ಗೋಲಿ ಗುರ್‌ಪ್ರೀತ್ ತಡೆದ. ಆಗ ಬಾಲ್ ಎತ್ತಿಕೊಂಡು ಬಂದವನು ಜಿಂಗಾನ್. ಇಡೀ ಸ್ಟೇಡಿಯಂ ಎದ್ದು ನಿಂತಿತ್ತು. ಹಾಕಿದ, 9-8, ನಾವು ಫೈನಲ್‌ಗೆ. ಫೈನಲ್ ಫತೋರ್ಡಾದಲ್ಲಿ, 2-2 ಆಗಿ ಮತ್ತೆ ಪೆನಾಲ್ಟಿ, ಸೋತೆವು. ಅದರ ನೋವು ಈಗಲೂ ಇದೆ. ಆದರೆ ಒಂಬತ್ತನೇ ಪೆನಾಲ್ಟಿ ಹೊಡೆಯಲು ಡಿಫೆಂಡರ್ ಬಂದು ನಿಲ್ಲಬೇಕಾದರೆ ಎದೆ ಬೇಕು.


ಸಿದ್ದಾಪುರದ ಹಳದಿ

ಅದೇ ಮಾರ್ಚ್ 3ನೇ ತಾರೀಕಿನ ನಮ್ಮ ನಿಮ್ಮ ಮ್ಯಾಚ್ ಬಗ್ಗೆ ಯಾಕೆ ಬರೆಯಲಿಲ್ಲ? ನಾವು ಗೋಡೆ ಕಟ್ಟುವ ಮೊದಲೇ ಚೆಟ್ರಿ ಫ್ರೀ ಕಿಕ್ ಹೊಡೆದದ್ದು, ನಮ್ಮ ಕೋಚ್ ಇವಾನ್ ವುಕೊಮನೊವಿಚ್ ತಂಡವನ್ನೇ ಹೊರಗೆ ಕರೆದದ್ದು. ಆ ದಿನ ಜಿಂಗಾನ್ ನೀಲಿ ಅಂಗಿಯಲ್ಲಿ ನಿಂತಿದ್ದ. ನಮ್ಮ ಹಳೇ ಕ್ಯಾಪ್ಟನ್. ಅದನ್ನು ಮರೆಯೋಕೆ ಆಗಲ್ಲ.


ಮಡಿಕೇರಿ ನೀಲಿ

ಆ ಗೋಲ್‌ಗೂ ಜಿಂಗಾನ್‌ಗೂ ಏನು ಸಂಬಂಧ? ರೆಫ್ರಿ ಒಪ್ಪಿದರು, ಮುಗಿಯಿತು. ಆ ಮ್ಯಾಚಿಗೆ ಬೇರೆ ಚರ್ಚೆ ಇದೆ, ಅಲ್ಲಿಗೆ ಬನ್ನಿ.


ಹಳೇ ಹಾಫ್ ಬ್ಯಾಕ್, ವಿರಾಜಪೇಟೆ

ಮಕ್ಕಳೇ, ಕ್ಲಬ್ ಜಗಳ ಸ್ವಲ್ಪ ಬದಿಗಿಡಿ. ನನಗೆ ಎಪ್ಪತ್ತರ ಹತ್ತಿರ ವಯಸ್ಸು. ಸ್ಟಾಪರ್ ಅಂದರೆ ನಮ್ಮ ಕಾಲದಲ್ಲಿ ಜರ್ನೈಲ್ ಸಿಂಗ್ ಹೆಸರು ಹೇಳುತ್ತಿದ್ದರು. ಅವರೂ ಪಂಜಾಬಿನ ಕಡೆಯವರೇ. 1962ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಿತ್ತು. ಕೋಚ್ ರಹೀಂ ಸಾಹೇಬರು ಅವರನ್ನು ಫಾರ್ವರ್ಡ್ ಜಾಗಕ್ಕೆ ಕಳಿಸಿದರು. ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ಎದುರು ಒಂದು ಗೋಲ್ ಪಿ.ಕೆ. ಬ್ಯಾನರ್ಜಿ ಅವರದು, ಇನ್ನೊಂದು ಜರ್ನೈಲ್ ಅವರದು. 2-1, ಚಿನ್ನ. ಆಮೇಲೆ ಏಷ್ಯಾದ ಆಲ್ ಸ್ಟಾರ್ ತಂಡಕ್ಕೆ ಕ್ಯಾಪ್ಟನ್ ಆದರು.

ಆ ಎತ್ತರಕ್ಕೆ ಜಿಂಗಾನ್ ಏರಿಲ್ಲ. ಅದು ಅವನೊಬ್ಬನ ತಪ್ಪಲ್ಲ. ಆಗ ಏಷ್ಯಾದಲ್ಲಿ ನಾವು ಮೇಲಿದ್ದೆವು, ಈಗ ಇಲ್ಲ. ಆದರೆ ಆಟದ ಬಗ್ಗೆ ನನ್ನ ತಕರಾರು ಒಂದಿದೆ. ಈ ಹುಡುಗ ಬೇಗ ನೆಲಕ್ಕೆ ಬೀಳುತ್ತಾನೆ. ಸ್ಲೈಡಿಂಗ್ ಟ್ಯಾಕಲ್ ಕೊನೆಯ ಅಸ್ತ್ರ ಆಗಬೇಕು, ಮೊದಲನೆಯದಲ್ಲ. ಹಾಕಿ ನೋಡಿ ಬೆಳೆದವನು ನಾನು. ನಮ್ಮ ವಿ.ಆರ್. ರಘುನಾಥ್ ಫುಲ್ ಬ್ಯಾಕ್ ನಿಂತಾಗ ಸ್ಟಿಕ್ ಚಾಚುವ ಮೊದಲು ಎದುರಾಳಿಯನ್ನು ಬದಿಗೆ ಓಡಿಸುತ್ತಿದ್ದ. ಗೋಲಿನ ಕೋನ ಸಣ್ಣದು ಮಾಡಿ ಆಮೇಲೆ ಬಾಲ್ ತೆಗೆಯುವುದು. ಜಿಂಗಾನ್ ಎಷ್ಟೋ ಸಲ ನೇರ ನುಗ್ಗುತ್ತಾನೆ. ಸಿಂಗಾಪುರದ ಕಾರ್ಡ್ ಸುಮ್ನೆ ಆಕಾಶದಿಂದ ಬಿದ್ದದ್ದಲ್ಲ. 2023ರ ದಕ್ಷಿಣ ಏಷ್ಯಾದ ಸ್ಯಾಫ್ ಕಪ್‌ನಲ್ಲೂ ಎರಡು ಹಳದಿ ಕಾರ್ಡ್ ಸೇರಿ ಲೆಬನಾನ್ ಎದುರಿನ ಸೆಮಿಫೈನಲ್‌ಗೆ ಕೂರಬೇಕಾಯಿತು. ಆ ಸ್ವಭಾವ ಮೊದಲಿಂದಲೂ ಇದೆ.


ಸುಂಟಿಕೊಪ್ಪ ಸ್ಟಾಪರ್

ಹಿರಿಯರೇ, ಕಾರ್ಡ್ ವಿಷಯದಲ್ಲಿ ನಿಮ್ಮ ಮಾತಿಗೆ ತೂಕವಿದೆ. ಆದರೆ ಹಾಕಿ ಹೋಲಿಕೆ ಪೂರ್ತಿ ಹೊಂದುವುದಿಲ್ಲ. ಹಾಕಿಯಲ್ಲಿ ಆಫ್‌ಸೈಡ್ ಇಲ್ಲ, ಬ್ಯಾಕ್ ಆಟಗಾರ ಹಿಂದೆ ಸರಿಯುತ್ತಾ ಸಮಯ ತೆಗೆದುಕೊಳ್ಳಬಹುದು. ಫುಟ್ಬಾಲ್‌ನಲ್ಲಿ ಸ್ಟಾಪರ್ ಮುಂದೆ ಬಂದು ಲೈನ್ ಹಿಡಿಯಬೇಕು. ಹಿಂದೆ ಸರಿದರೆ ಮಿಡ್‌ಫೀಲ್ಡ್‌ಗೂ ಬ್ಯಾಕ್‌ಗೂ ನಡುವೆ ಗದ್ದೆಯಷ್ಟು ಜಾಗ ಬಿಟ್ಟುಕೊಟ್ಟಂತೆ. ಆ ಜಾಗದಲ್ಲಿ ಎದುರಾಳಿ ತಿರುಗಿ ನಿಂತರೆ ಮುಗಿಯಿತು. ಅದಕ್ಕೇ ಅವನು ಮುಂದೆ ನುಗ್ಗುವುದು, ಕೆಲವು ಸಲ ತಡವಾಗುವುದು.

ಸ್ಯಾಫ್ ಫೈನಲ್‌ಗೆ ವಾಪಸ್ ಬಂದದ್ದನ್ನೂ ಹೇಳಬೇಕು. ಜುಲೈ 4, ಕಂಠೀರವ, ಕುವೈತ್ ಎದುರು 1-1, ಪೆನಾಲ್ಟಿಯಲ್ಲಿ 5-4ರ ಗೆಲುವು. ಅದೇ ವರ್ಷ ಮಾರ್ಚ್‌ನಲ್ಲಿ ಇಂಫಾಲದಲ್ಲಿ ಕಿರ್ಗಿಸ್ತಾನ್ ಎದುರು 2-0 ಗೆದ್ದಾಗ ಮೊದಲ ಗೋಲ್ ಅವನದೇ. ಜೂನ್‌ನಲ್ಲಿ ಭುವನೇಶ್ವರದಲ್ಲಿ ಲೆಬನಾನ್ ಎದುರು 2-0, ಇಂಟರ್‌ಕಾಂಟಿನೆಂಟಲ್ ಕಪ್. ಆ ನಾಲ್ಕು ತಿಂಗಳಲ್ಲಿ ನಮ್ಮ ಬ್ಯಾಕ್ ಲೈನ್ ಎಷ್ಟು ಗಟ್ಟಿ ಇತ್ತೆಂದರೆ, ಸ್ಯಾಫ್ ಲೀಗ್ ಹಂತದಲ್ಲಿ ಕುವೈತ್‌ಗೆ ಗೋಲ್ ಸಿಕ್ಕಿದ್ದು ಅನ್ವರ್ ಅಲಿ ಕಾಲಿಗೆ ತಾಗಿ ನಮ್ಮದೇ ನೆಟ್‌ಗೆ ಹೋದಾಗ.


ಪೊನ್ನಂಪೇಟೆ ಪಿ.ಟಿ. ಟೀಚರ್

ಇಷ್ಟು ಜನ ಇಷ್ಟು ಬರೆದಿದ್ದೀರಿ, ಒಂದು ವಿಷಯ ಯಾರೂ ಎತ್ತಲಿಲ್ಲ. 2022ರ ಫೆಬ್ರವರಿ 19. ಜಿಂಗಾನ್ ಅವರು ಆಗ ಕೋಲ್ಕತ್ತದ ಎಟಿಕೆ ಮೋಹನ್ ಬಾಗಾನ್ ಕ್ಲಬ್‌ನಲ್ಲಿದ್ದರು. ಬ್ಲಾಸ್ಟರ್ಸ್ ಎದುರು 2-2 ಡ್ರಾ. ಮೈದಾನದಿಂದ ಒಳಗೆ ಹೋಗುವಾಗ, "ಹೆಂಗಸರ ಜೊತೆ ಮ್ಯಾಚ್ ಆಡಿ ಬಂದೆ" ಅನ್ನುವ ಅರ್ಥದ ಮಾತು ಕ್ಯಾಮೆರಾದಲ್ಲಿ ಸಿಕ್ಕಿಬಿತ್ತು. ಆಮೇಲೆ ಕ್ಷಮೆ ಕೇಳಿದರು, ಅದೂ ನಿಜ.

ನಾನು ಹೆಣ್ಣುಮಕ್ಕಳಿಗೆ ಆಟ ಕಲಿಸುವವಳು. ನಮ್ಮ ಜಿಲ್ಲೆಯಲ್ಲಿ ಹಾಕಿ ಸ್ಟಿಕ್ ಹಿಡಿದ ಹುಡುಗಿಯನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಅಜ್ಜಿಯರೂ ಗ್ಯಾಲರಿಯಲ್ಲಿ ಕೂತು ಆಟದ ಬಗ್ಗೆ ವಾದ ಮಾಡುತ್ತಾರೆ. ಆದರೆ ಫುಟ್ಬಾಲ್ ಬೂಟ್ ಹಾಕಿದ ಹುಡುಗಿಗೆ ಇವತ್ತಿಗೂ ಮೈದಾನ ಬಿಡಿಸಿಕೊಡಲು ಜಗಳ ಆಡಬೇಕು. ಅಂಥ ಕಡೆ ದೇಶದ ತಂಡದ ಹಿರಿಯ ಆಟಗಾರನ ಬಾಯಲ್ಲಿ ಆ ಮಾತು ಬಂದರೆ ನನ್ನ ಹುಡುಗಿಯರಿಗೆ ಏನು ಹೇಳಲಿ? ಅವರ ಆಟವನ್ನು ನಾನು ಮೆಚ್ಚುತ್ತೇನೆ. ಆದರೆ ಲೆಕ್ಕ ಹಾಕುವಾಗ ಇದನ್ನೂ ಬರೆದಿಡಿ.


ಸಿದ್ದಾಪುರದ ಹಳದಿ

ಟೀಚರ್, ನಮ್ಮ ಕಡೆಯ ಕೋಪಕ್ಕೂ ಅದೇ ಕಾರಣ. 21ನೇ ನಂಬರ್ ಕೊಟ್ಟ ಜನರ ತಂಡದ ಬಗ್ಗೆ ಆ ಮಾತು. ಕೊಚ್ಚಿಯಲ್ಲಿ ಅವನ ಚಿತ್ರ ಇದ್ದ ಬ್ಯಾನರ್ ಸುಟ್ಟರು. ಸುಡುವುದು ನನಗೆ ಹಿಡಿಸಲಿಲ್ಲ, ಆದರೆ ಸಿಟ್ಟು ಯಾಕೆ ಅಂತ ಅರ್ಥವಾಯಿತು.


ಸುಂಟಿಕೊಪ್ಪ ಸ್ಟಾಪರ್

ಬರೆದಿಡಲೇಬೇಕು ಟೀಚರ್. ಅದನ್ನು ಬಿಟ್ಟು ಹೊಗಳಿದರೆ ಅದು ಅಭಿಮಾನಿ ಸಂಘದ ಬೋರ್ಡ್ ಆಗುತ್ತದೆ. ನಿಮ್ಮ ಹುಡುಗಿಯರ ತಂಡ ಇದ್ದರೆ ಹೇಳಿ, ನಮ್ಮ ಮೈದಾನದಲ್ಲಿ ಭಾನುವಾರ ಬೆಳಗ್ಗೆ ಖಾಲಿ ಇರುತ್ತದೆ.


ಗೋಣಿಕೊಪ್ಪ ಫಿಸಿಯೋ

ನಾನು ವೃತ್ತಿಯಿಂದ ಫಿಸಿಯೋಥೆರಪಿಸ್ಟ್. ಜಿಂಗಾನ್ ಕಥೆಯ ದೊಡ್ಡ ಭಾಗ ಮಂಡಿಯ ಒಳಗಿದೆ. ಅದರ ಬಗ್ಗೆ ಬರೆಯುತ್ತೇನೆ.

2019ರ ಅಕ್ಟೋಬರ್. ಬಾಂಗ್ಲಾದೇಶದ ಮ್ಯಾಚಿಗೆ ಮೊದಲು ಗುವಾಹಟಿಯಲ್ಲಿ ರಾಷ್ಟ್ರೀಯ ತಂಡ ನಾರ್ತ್‌ಈಸ್ಟ್ ಯುನೈಟೆಡ್ ಜೊತೆ ಅಭ್ಯಾಸ ಪಂದ್ಯ ಆಡಿತು. ಅಲ್ಲಿ ಜಿಂಗಾನ್‌ಗೆ ಎಸಿಎಲ್ ಹರಿಯಿತು. ಎಸಿಎಲ್ ಅಂದರೆ ತೊಡೆಯ ಮೂಳೆಯನ್ನೂ ಮೊಣಕಾಲ ಕೆಳಗಿನ ಮೂಳೆಯನ್ನೂ ಮಂಡಿಯ ನಡುವೆ ಅಡ್ಡಲಾಗಿ ಕಟ್ಟಿ ಹಿಡಿಯುವ ಗಟ್ಟಿ ನಾರು. ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ, ಮಂಡಿ ತಿರುಚದಂತೆ ಅದು ತಡೆಯುತ್ತದೆ. ಎಷ್ಟೋ ಸಲ ಅದು ಹರಿಯುವಾಗ ಯಾರೂ ಗುದ್ದಿರುವುದಿಲ್ಲ. ಓಡುತ್ತಾ ಕಾಲು ಊರಿ ತಿರುಗಿದಾಗ, ಹಾರಿ ಇಳಿದಾಗ "ಟಪ್" ಅಂತ ಹೋಗುತ್ತದೆ. ಹಾಗೆ ಪೂರ್ತಿ ಹರಿದರೆ ತಾನಾಗಿ ಕೂಡುವುದು ಕಷ್ಟ. ತೊಡೆಯ ಹಿಂಭಾಗದಿಂದಲೋ ಮಂಡಿ ಚಿಪ್ಪಿನ ಕೆಳಗಿನಿಂದಲೋ ಒಂದು ತುಂಡು ತೆಗೆದು ಹೊಸ ನಾರು ಕಟ್ಟುತ್ತಾರೆ. ಅದು ಮೊದಲ ತಿಂಗಳುಗಳಲ್ಲಿ ಗಟ್ಟಿಯಾಗುವ ಬದಲು ಇನ್ನೂ ಮೆತ್ತಗಾಗುತ್ತದೆ, ಆಮೇಲೆ ನಿಧಾನಕ್ಕೆ ದೇಹದ ಭಾಗವಾಗುತ್ತದೆ. ಅದಕ್ಕೇ ಒಂಬತ್ತು ತಿಂಗಳೊಳಗೆ ಮೈದಾನಕ್ಕೆ ಬಿಡಲು ನಾವು ಹೆದರುತ್ತೇವೆ.

ಸ್ಟಾಪರ್‌ಗೆ ಇದು ಜಾಸ್ತಿ ಕಷ್ಟ. ಅವನ ಕೆಲಸವೇ ಹಿಂದಕ್ಕೆ ಓಡುತ್ತಾ ಇದ್ದಕ್ಕಿದ್ದಂತೆ ತಿರುಗುವುದು, ಹೆಡರ್‌ಗೆ ಹಾರಿ ಒಂಟಿ ಕಾಲಲ್ಲಿ ಇಳಿಯುವುದು. ಬ್ಲಾಸ್ಟರ್ಸ್‌ನ 2019-20ರ ಸೀಸನ್ ಪೂರ್ತಿ ಹೋಯಿತು. ಆಗ ಅವನಿಗೆ 26, ಡಿಫೆಂಡರ್‌ಗೆ ಒಳ್ಳೇ ವಯಸ್ಸು. ಆದರೆ ವಾಪಸ್ ಬಂದ ಮೊದಲ ಸೀಸನ್‌ನಲ್ಲೇ ಎಟಿಕೆ ಮೋಹನ್ ಬಾಗಾನ್ ಜೊತೆ ಫೈನಲ್‌ವರೆಗೆ ಹೋದ, ಆ ಸಾಲಿನ ಎಐಎಫ್ಎಫ್ (ದೇಶದ ಫುಟ್ಬಾಲ್ ಒಕ್ಕೂಟ) ವರ್ಷದ ಆಟಗಾರ ಪ್ರಶಸ್ತಿ ಪಡೆದ. ಅರ್ಜುನ ಪ್ರಶಸ್ತಿಯೂ 2020ರದೇ. ನನ್ನ ಮಟ್ಟಿಗೆ ಇದೇ ಅವನ ದೊಡ್ಡ ಸಾಧನೆ.

2021ರಲ್ಲಿ ಕ್ರೊಯೇಷಿಯಾದ ಶಿಬೆನಿಕ್ ಕ್ಲಬ್‌ಗೆ ಹೋದ. ಅಲ್ಲಿ ಮೀನಖಂಡದ ಗಾಯ, ಒಂದೂ ಅಧಿಕೃತ ಪಂದ್ಯ ಆಡಲಾಗದೆ ಜನವರಿಗೆ ವಾಪಸ್. "ಯುರೋಪಿನಲ್ಲಿ ಫೇಲ್" ಅಂತ ಬರೆದವರನ್ನು ನೋಡಿದ್ದೇನೆ. ಆಡಿ ಸೋತರೆ ಫೇಲ್ ಅನ್ನಿ. ಗಾಯಕ್ಕೆ ಹಾಗೆ ಹೆಸರಿಡಬೇಡಿ.

ಮತ್ತೆ 2024ರ ಜನವರಿ, ಕತಾರ್‌ನಲ್ಲಿ ಏಷ್ಯನ್ ಕಪ್. ಸಿರಿಯಾ ಎದುರು ಮತ್ತೆ ಮಂಡಿ. ಅವನು ಹೊರಗೆ ಹೋದಾಗ 0-0. ಆಮೇಲೆ ಒಮರ್ ಖ್ರಿಬಿನ್ ಗೋಲ್ ಹಾಕಿದ, 0-1. ಆಗ ಅವನಿದ್ದ ಎಫ್‌ಸಿ ಗೋವಾದ ಆ ಸೀಸನ್‌ನ ಉಳಿದ ಭಾಗ ಅವನಿಗೆ ಇಲ್ಲ. ಮೂವತ್ತು ದಾಟಿ ಮತ್ತೊಮ್ಮೆ ಮೊದಲಿಂದ ಶುರು ಮಾಡಿದ.


ಕೆಸರು ಬೂಟ್

ನಮಸ್ತೆ. ನಾನು ಕುಶಾಲನಗರ, ಸೆಕೆಂಡ್ ಪಿಯುಸಿ. ನಮ್ಮ ಟೀಮಲ್ಲಿ ನನ್ನನ್ನು ಸ್ಟಾಪರ್ ನಿಲ್ಲಿಸಿದ್ದಾರೆ. ಮೊದಲು ವಿಂಗ್ ಆಡುತ್ತಿದ್ದೆ. ಹೈಟ್ ಇದೆ ಅಂತ ಹಿಂದೆ ಹಾಕಿದರು, ಬೇಜಾರಾಗಿದೆ. ಜಿಂಗಾನ್ ವಿಡಿಯೋ ನೋಡಿದರೆ ಬರೀ ಸ್ಲೈಡ್, ಹೆಡರ್, ಕೂಗಾಟ. ಏನು ನೋಡಿ ಕಲಿಯಬೇಕು ಅಂತ ಯಾರಾದರೂ ಹೇಳಿ ಅಣ್ಣ.


ಸುಂಟಿಕೊಪ್ಪ ಸ್ಟಾಪರ್

ತಮ್ಮಾ, ನಿನ್ನ ಪ್ರಶ್ನೆಗೇ ದೋಹಾ ಮ್ಯಾಚಿನ ಮಾತು ಕಾದಿಟ್ಟಿದ್ದೆ.

2019ರ ಸೆಪ್ಟೆಂಬರ್ 10, ವಿಶ್ವಕಪ್ ಅರ್ಹತಾ ಪಂದ್ಯ. ಎದುರು ಕತಾರ್, ಅದೇ ವರ್ಷ ಏಷ್ಯನ್ ಕಪ್ ಗೆದ್ದ ತಂಡ. ಅವರದೇ ಊರು. ನಮಗೆ ಚೆಟ್ರಿ ಇಲ್ಲ, ಗುರ್‌ಪ್ರೀತ್ ಕ್ಯಾಪ್ಟನ್. ಐದು ದಿನ ಮೊದಲು ಗುವಾಹಟಿಯಲ್ಲಿ ಓಮನ್ ಎದುರು ಮುಂದಿದ್ದು 1-2 ಸೋತಿದ್ದೆವು. ಬ್ಯಾಕ್‌ನಲ್ಲಿ ರಾಹುಲ್ ಭೆಕೆ, ಆದಿಲ್ ಖಾನ್, ಜಿಂಗಾನ್, ಮಂದಾರ್ ರಾವ್ ದೇಸಾಯಿ. ಕೊನೆಗೆ 0-0. ಗುರ್‌ಪ್ರೀತ್ ತಡೆದ ಬಾಲ್‌ಗಳ ವಿಡಿಯೋ ಎಲ್ಲ ಕಡೆ ಇದೆ. ನೀನು ಪೂರ್ತಿ ಮ್ಯಾಚ್ ಸಿಕ್ಕಿದರೆ ಬಾಲ್ ಬಿಟ್ಟು ಜಿಂಗಾನ್‌ನನ್ನೇ ನೋಡು.

ಮೊದಲು ಅವನ ತಲೆ ನೋಡು. ಬಾಲ್ ದೂರ ಇದ್ದಾಗಲೂ ಎರಡು ಮೂರು ಸೆಕೆಂಡಿಗೊಮ್ಮೆ ಹೆಗಲ ಮೇಲಿಂದ ಹಿಂದೆ ನೋಡುತ್ತಾನೆ. ನನ್ನ ಹಿಂದೆ ಯಾರಿದ್ದಾರೆ, ಎಷ್ಟು ದೂರ, ಅಂತ. ನಮ್ಮ ಹುಡುಗರು ಬಾಲನ್ನೇ ನೋಡುತ್ತಾ ನಿಲ್ಲುತ್ತಾರೆ, ಹಿಂದಿನಿಂದ ಓಡಿಬಂದವನು ಗೋಲ್ ಹಾಕುತ್ತಾನೆ.

ಎರಡನೆಯದು ನಿಲ್ಲುವ ರೀತಿ. ಕ್ರಾಸ್ ಬರುವಾಗ ಅವನು ಗೋಲಿಗೆ ಪೂರ್ತಿ ಬೆನ್ನು ಕೊಡುವುದಿಲ್ಲ, ಅರ್ಧ ತಿರುಗಿ ಅಡ್ಡ ನಿಲ್ಲುತ್ತಾನೆ. ಒಂದು ಕಣ್ಣಿಗೆ ಬಾಲ್, ಇನ್ನೊಂದಕ್ಕೆ ಆಳು. ಹಾಗೆ ನಿಂತರೆ ಯಾವ ಕಡೆಗೂ ಒಂದೇ ಹೆಜ್ಜೆಯಲ್ಲಿ ಹೊರಡಬಹುದು.

ಮೂರನೆಯದು ನೀನು ಕೂಗಾಟ ಅಂದೆಯಲ್ಲ, ಅದೇ ಮುಖ್ಯ. ಸ್ಟಾಪರ್‌ಗೆ ಇಡೀ ಮೈದಾನ ಎದುರಿಗೆ ಕಾಣುತ್ತದೆ. ಮಿಡ್‌ಫೀಲ್ಡ್ ಹುಡುಗನಿಗೆ ಬೆನ್ನ ಹಿಂದೆ ಕಾಣುವುದಿಲ್ಲ. "ಎಡಕ್ಕೆ ಬಾ", "ಬಿಡು, ನಾನಿದ್ದೇನೆ", "ಮೇಲೆ ಹೋಗಿ" ಅಂತ ಹೇಳುವುದು ನಿನ್ನ ಕೆಲಸ. ಬಾಯಿ ಮುಚ್ಚಿಕೊಂಡ ಸ್ಟಾಪರ್ ಎಷ್ಟು ಎತ್ತರ ಇದ್ದರೂ ಅರ್ಧ ಆಟಗಾರ.

ಇನ್ನು ನಮ್ಮ ಊರಿಗೆ ಬೇಕಾದದ್ದು. ಜೂನ್‌ನಿಂದ ಸೆಪ್ಟೆಂಬರ್ ನಮ್ಮ ಮೈದಾನ ಹೇಗಿರುತ್ತದೆ ಅಂತ ನಿನಗೇ ಗೊತ್ತು. ಒದ್ದೆ ನೆಲದಲ್ಲಿ ಬಾಲ್ ಒಮ್ಮೆ ಪುಟಿಯಲು ಬಿಟ್ಟರೆ ಜಾರಿ ನಿನ್ನನ್ನು ದಾಟಿ ಹೋಗುತ್ತದೆ, ಇಲ್ಲ ಕೆಸರಲ್ಲಿ ಕೂತುಬಿಡುತ್ತದೆ. ಎರಡೂ ಅಪಾಯ. ನೆಲಕ್ಕೆ ಬೀಳುವ ಮೊದಲೇ ತಲೆಯಲ್ಲೋ ಕಾಲಲ್ಲೋ ತೆಗೆ. ಚೆಂದ ಕಾಣಬೇಕಿಲ್ಲ, ಹೊರಗೆ ಹೋದರೂ ಸರಿ.

ಸಿಂಗಾಪುರದ ಮ್ಯಾಚನ್ನೂ ನೋಡು. ಒಂದು ಹಳದಿ ಕಾರ್ಡ್ ಇದ್ದಾಗ ಆಳಿನ ಮೈಗೆ ಅಂಟಿ ನಿಲ್ಲಬಾರದು, ಒಂದು ಗಜ ಬಿಟ್ಟು ನಿಲ್ಲಬೇಕು. ಅವನು ಬಾಲ್ ಹಿಡಿದುಕೊಳ್ಳಲಿ, ತಿರುಗಲು ಮಾತ್ರ ಬಿಡಬೇಡ. ಹಿರಿಯರು ಹೇಳಿದ್ದು ಇಲ್ಲಿ ನಿನಗೆ ಉಪಯೋಗ: ಬದಿಗೆ ಓಡಿಸು, ಕೋನ ಸಣ್ಣದು ಮಾಡು.


ಹಳೇ ಹಾಫ್ ಬ್ಯಾಕ್, ವಿರಾಜಪೇಟೆ

ಚೆನ್ನಾಗಿ ಬರೆದಿರಿ. ಇನ್ನೊಂದು ಸೇರಿಸುತ್ತೇನೆ. ಸ್ಟಾಪರ್ ಯಾವತ್ತೂ ಒಬ್ಬನೇ ಆಡುವುದಿಲ್ಲ, ಜೋಡಿ ಆಡುತ್ತದೆ. ಜಿಂಗಾನ್ ಪಕ್ಕದಲ್ಲಿ ಯಾರ್ಯಾರು ನಿಂತರು ನೋಡಿ. ಬ್ಲಾಸ್ಟರ್ಸ್‌ನಲ್ಲಿ ಹೆಂಗ್‌ಬಾರ್ಟ್. ಭಾರತಕ್ಕೆ ಮಲಪ್ಪುರದ ಅನಸ್ ಎಡತ್ತೊಡಿಕ. 2019ರ ಏಷ್ಯನ್ ಕಪ್‌ನಲ್ಲಿ ಈ ಜೋಡಿಯೇ ಥಾಯ್ಲೆಂಡ್ ಎದುರು 4-1 ಗೆಲುವಿನಲ್ಲಿ ಹಿಂದೆ ನಿಂತದ್ದು. ಬಹ್ರೇನ್ ಎದುರು ಅನಸ್ ಶುರುವಿನಲ್ಲೇ ಗಾಯಗೊಂಡು ಹೋದ. ಬದಲಿ ಹುಡುಗನ ಜೊತೆ ಜಿಂಗಾನ್ 90 ನಿಮಿಷ ತಡೆದ. ಇಂಜುರಿ ಟೈಮ್ ಪೆನಾಲ್ಟಿಯಲ್ಲಿ 0-1 ಆಯಿತು, ಒಂದು ಪಾಯಿಂಟ್ ಸಿಕ್ಕಿದ್ದರೆ ಮುಂದಿನ ಸುತ್ತಿಗೆ ಹೋಗುತ್ತಿದ್ದೆವು. ಆಮೇಲೆ ಆದಿಲ್ ಖಾನ್. ಕೋಲ್ಕತ್ತದಲ್ಲಿ ಸ್ಪೇನಿನ ತಿರಿ. ಬೆಂಗಳೂರಿನಲ್ಲಿ ಅಲನ್ ಕೋಸ್ಟಾ. ಗೋವಾದಲ್ಲಿ ಒಡೈ ಒನೈಂಡಿಯ. ಕತಾರ್ ಏಷ್ಯನ್ ಕಪ್‌ಗೆ ರಾಹುಲ್ ಭೆಕೆ. 2025ರಲ್ಲಿ ಅನ್ವರ್ ಅಲಿ.

ಪಕ್ಕದವನ ಭಾಷೆ ಬೇರೆ, ಓಟ ಬೇರೆ, ಕೋಚ್ ಹೇಳುವ ಪದ್ಧತಿ ಬೇರೆ. ಕಾನ್‌ಸ್ಟಂಟೈನ್, ಸ್ಟಿಮಾಚ್, ಮನೋಲೊ ಮಾರ್ಕೆಜ್, ಖಾಲಿದ್ ಜಮೀಲ್, ನಾಲ್ಕೂ ಜನ ಭಾರತದ ಕೋಚ್ ಆಗಿ ಇವನನ್ನೇ ಕರೆದರು. ಜಿಂಗಾನ್‌ಗೆ ನಾನು ಕೊಡುವ ಮಾರ್ಕ್ ಇದಕ್ಕೆ. ಪಕ್ಕದವನು ಯಾರೇ ಆಗಲಿ ಅವನ ಆಟ ಸುಧಾರಿಸುತ್ತದೆ. ನುಗ್ಗುವ ಸ್ವಭಾವದ ಬಗ್ಗೆ ನನ್ನ ತಕರಾರು ಹಾಗೇ ಇದೆ.


ಮಡಿಕೇರಿ ನೀಲಿ

ಅನ್ವರ್ ಹೆಸರು ಬಂತು, ಅದಕ್ಕೇ ಹೇಳುತ್ತೇನೆ. 2025ರ ಆಗಸ್ಟ್ 29, ತಜಿಕಿಸ್ತಾನದ ಹಿಸ್ಸಾರ್, ಮಧ್ಯ ಏಷ್ಯಾದ ಕಾಫಾ ನೇಷನ್ಸ್ ಕಪ್, ಎದುರು ತಜಿಕಿಸ್ತಾನವೇ, ಖಾಲಿದ್ ಜಮೀಲ್ ಅವರ ಮೊದಲ ಮ್ಯಾಚ್. ನಾವು 2-1 ಗೆದ್ದೆವು. ಒಂದು ಗೋಲ್ ಅನ್ವರ್‌ನದು, ಇನ್ನೊಂದು ಜಿಂಗಾನ್‌ನದು. ಎರಡೂ ಗೋಲ್ ಸ್ಟಾಪರ್‌ಗಳದೇ! ಮುಂದಿನ ಇರಾನ್ ಮ್ಯಾಚಿನಲ್ಲಿ ಜಿಂಗಾನ್‌ನ ಕೆನ್ನೆಮೂಳೆಗೆ ಪೆಟ್ಟಾಗಿ ವಾಪಸ್ ಬರಬೇಕಾಯಿತು. ಉಳಿದವರು ಓಮನ್‌ನನ್ನು ಪೆನಾಲ್ಟಿಯಲ್ಲಿ ಸೋಲಿಸಿ ಮೂರನೇ ಸ್ಥಾನ ತಂದರು. ಆ ಪೆಟ್ಟು ಬಿದ್ದು ಐದಾರು ವಾರಕ್ಕೇ ಸಿಂಗಾಪುರದಲ್ಲಿ ಆಡಲು ಇಳಿದವನು ಅವನು. ಬೈಯುವ ಮೊದಲು ಅದೂ ನೆನಪಿರಲಿ.


ಸಿದ್ದಾಪುರದ ಹಳದಿ

ಅನ್ವರ್ ಕಥೆಯೂ ಕಡಿಮೆಯದಲ್ಲ. ಹೃದಯದ ತೊಂದರೆ ಅಂತ ಆಡಲೇಬೇಡ ಅಂದಿದ್ದರು, ಕೋರ್ಟ್‌ಗೆ ಹೋಗಿ ಮೈದಾನಕ್ಕೆ ಬಂದ ಹುಡುಗ. ಆ ಜೋಡಿ ಇನ್ನೆರಡು ವರ್ಷ ಒಟ್ಟಿಗೆ ಆಡಬೇಕು ಅಂತ ನನ್ನ ಆಸೆ. ಜಿಂಗಾನ್‌ಗೆ 2025ರಲ್ಲಿ 32 ಆಯಿತು. ಸ್ಟಾಪರ್‌ಗೆ ಅದು ಮುದಿ ವಯಸ್ಸಲ್ಲ. ನೀಲಿಯವರ ಕಡೆಗೆ ಮತ್ತೆ ಹೋಗದಿದ್ದರೆ ಸಾಕು.


ಪೊನ್ನಂಪೇಟೆ ಪಿ.ಟಿ. ಟೀಚರ್

ಸುಂಟಿಕೊಪ್ಪದವರೇ, ಭಾನುವಾರದ ಮೈದಾನದ ವಿಷಯ ನಿಜವಾಗಿ ಹೇಳಿದ್ದಾ? ನನ್ನ ಹತ್ತಿರ ಒಂಬತ್ತು ಹತ್ತನೇ ಕ್ಲಾಸಿನ ಹುಡುಗಿಯರಿದ್ದಾರೆ, ಹಾಕಿ ಬ್ಯಾಕ್ ಆಡಿದವರೇ ಜಾಸ್ತಿ. ಹೆಗಲ ಮೇಲಿಂದ ನೋಡುವುದು ಅವರಿಗೆ ಆಗಲೇ ಗೊತ್ತು. ಹೆಡರ್ ಒಂದು ಕಲಿಸಬೇಕು.


ಸುಂಟಿಕೊಪ್ಪ ಸ್ಟಾಪರ್

ನಿಜವಾಗಿಯೇ ಟೀಚರ್. ಏಳೂವರೆಗೆ ಬನ್ನಿ. ಹೆಡರ್‌ಗೆ ಮೊದಲು ಹಗುರದ ಬಾಲ್ ಇಟ್ಟುಕೊಳ್ಳೋಣ, ಹಣೆಯಲ್ಲಿ ತಾಗಿಸುವುದು ಬಂದಮೇಲೆ ದೊಡ್ಡ ಬಾಲ್. ಕೆಸರು ಬೂಟ್ ತಮ್ಮಾ, ಕುಶಾಲನಗರದಿಂದ ಬೆಳಗ್ಗೆ ಬಸ್ ಇದೆ, ನೀನೂ ಬಾ. ನಿನ್ನ ಜೊತೆ ನಿಲ್ಲುವ ಇನ್ನೊಬ್ಬ ಸ್ಟಾಪರ್‌ನನ್ನೂ ಕರೆದುಕೊಂಡು ಬಾ. ಇಬ್ಬರಿಗೂ ಒಟ್ಟಿಗೇ ಹೇಳಿಕೊಡಬೇಕು.